ಹಾಯಿದೋಣಿಗೊಂದು ಸ್ಟೆಪ್ನಿ ಬ್ಯಾಟರಿ

"ಕೇಳಿಸ್ಕೋ ವೇದಾ! ಇನ್ಮೇಲೆ ಭದ್ರಾ ಹಿನ್ನೀರಿನ ನಡುಮಧ್ಯದಲ್ಲಿ ಈ ಉಜ್ಜನಪ್ಪನ ಎಂಜಿನ್ ಕೈಕೊಟ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!"

ವಿನೋಬನಗರದ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಅಕ್ಕಿರೊಟ್ಟಿ, ಇನ್ನೊಂದು ಕೈಯಲ್ಲಿ ಅಳತೆಯ ಟೇಪು ಹಿಡಿದು ಉಜ್ಜನಪ್ಪನವರು ಈ ಭೀಷಣ ಪ್ರತಿಜ್ಞೆ ಮಾಡಿದರು. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕುತ್ತ ಹೆಂಡತಿ ವೇದಾ ತಣ್ಣಗೆ ಹೇಳಿದರು.

"ಹೆಸರು ಇರ್ಲಿ ಬಿಡಿ, ಆಧಾರ್ ಕಾರ್ಡಿಂದ ಹಿಡಿದು ಎಲ್ಲಾ ತಿದ್ದಿಸ್ಬೇಕಾಗುತ್ತೆ. ಈ ಸಲ ಎಂಜಿನ್ ಕೈಕೊಟ್ರೆ ದೋಣಿ ಮಾರೋದು. ಆಯ್ತಾ?"

"ಆಯ್ತು!" ಎಂದುಬಿಟ್ಟರು.

ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಉಜ್ಜನಪ್ಪನವರಿಗೆ ಆ ದೋಣಿಯೆಂದರೆ ಪ್ರಾಣ. ಕರಿಹಲಗೆಯ ಮೇಲೆ ಜೀವಮಾನವಿಡೀ ಬಾಣದ ಗುರುತು ಹಾಕಿ ಮಾರುತಗಳನ್ನು ಬೀಸಿಸಿದ ಮನುಷ್ಯ, ನಿಜವಾದ ಗಾಳಿ ಹೇಗೆ ತಳ್ಳುತ್ತದೆ ನೋಡೋಣವೆಂಬ ಕುತೂಹಲಕ್ಕೆ ಕರಾವಳಿಯಿಂದ ಒಂದು ಹಳೆಯ ಪುಟ್ಟ ಹಾಯಿದೋಣಿಯನ್ನು ಲಾರಿಯಲ್ಲಿ ಘಾಟಿ ಹತ್ತಿಸಿ ತಂದಿದ್ದರು. ಆದರೆ ಹಾಯಿಯನ್ನು ಮೊದಲ ಸಲ ಬಿಚ್ಚಿದಾಗಲೇ ಅದು ಪಟ್ಟೆಂದು ಬೀಸಿ ಅವರ ಕನ್ನಡಕವನ್ನು ಭದ್ರೆಗೆ ಅರ್ಪಿಸಿತ್ತು. ಅಂದಿನಿಂದ ಹಾಯಿಯನ್ನು ಸುತ್ತಿ ಕಟ್ಟಿಟ್ಟು, ದೋಣಿಯಲ್ಲಿದ್ದ ಸಣ್ಣ ಡೀಸೆಲ್ ಎಂಜಿನ್ನನ್ನೇ ನಂಬಿದ್ದರು. ಹೋದ ಭಾನುವಾರ ಅದೂ ಬ್ಯಾಟರಿ ಸೋತು ನಡುನೀರಿನಲ್ಲಿ ಮುನಿಸಿಕೊಂಡು, ಮೀನು ಹಿಡಿಯುವವರ ತೆಪ್ಪವೊಂದು ಈ ಭವ್ಯ ನೌಕೆಯನ್ನು ಎಮ್ಮೆಕರುವಿನಂತೆ ಹಗ್ಗ ಕಟ್ಟಿ ಎಳೆದು ತಂದಿತ್ತು. ದಡದಲ್ಲಿದ್ದವರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರು!

ಇದೇ ಸಮಯ ನೋಡಿಕೊಂಡು ಹೆದ್ದಾರಿಯ ಮೀನೂಟದ ಹೋಟೆಲಿನವನೊಬ್ಬ, "ಆ ದೋಣಿ ಕೊಡಿ ಸಾರ್, ಬಾಗಿಲ ಮುಂದೆ ಶೋಗೆ ನಿಲ್ಲಿಸ್ತೀನಿ" ಎಂದು ಎರಡು ಸಲ ಫೋನ್ ಮಾಡಿದ್ದ. ಹಾಯಿದೋಣಿಯ ಮೇಲೆ 'ಬಂಗುಡೆ ಫ್ರೈ' ಎಂದು ಬರೆದಿರುವುದನ್ನು ನೆನೆದು ಉಜ್ಜನಪ್ಪನವರು ಎರಡು ಸಲವೂ ಅರ್ಧ ಮಾತಿನಲ್ಲೇ ಫೋನ್ ಇಟ್ಟುಬಿಟ್ಟಿದ್ದರು.

ಭದ್ರಾವತಿಯ ಹಳೇನಗರದಲ್ಲಿ ಅಬ್ಬಾಸ್ ಅಲಿಯ ಬ್ಯಾಟರಿ ಅಂಗಡಿ. ಗಂಡ ಹೆಂಡತಿ ಇಬ್ಬರೂ ಹೋದರು.

"ಯಾವ ಗಾಡಿಗೆ ಸಾರ್?"

"ಹಾಯಿದೋಣಿಗೆ."

ಅಬ್ಬಾಸ್ ಅಲಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡ. "ಆಟೋಗೆ ಕೊಟ್ಟಿದ್ದೀನಿ, ಟ್ರ್ಯಾಕ್ಟರ್‌ಗೆ ಕೊಟ್ಟಿದ್ದೀನಿ, ಮದುವೆ ಬ್ಯಾಂಡಿನ ಗಾಡಿಗೂ ಕೊಟ್ಟಿದ್ದೀನಿ. ದೋಣಿ ಗಿರಾಕಿ ನೀವೇ ಫಸ್ಟು. ಯಾವ ಮಾಡೆಲ್ಲು?"

"ಮಾಡೆಲ್ ಎಲ್ಲಾ ಇಲ್ಲಪ್ಪ. ಡೀಸೆಲ್ ಎಂಜಿನ್ನು. ಹಳೇ ಬ್ಯಾಟರಿ ಒಂದಿದೆ, ಒಂದು ಸಲ ಸೆಲ್ಫ್ ಹೊಡೆದ್ರೆ ಎರಡನೇ ಸಲಕ್ಕೆ ಉಸಿರು ಬಿಡುತ್ತೆ. ಅದಕ್ಕೆ ಸ್ಟೆಪ್ನಿ ಥರ ಚಿಕ್ಕದೊಂದು ಬೇಕು. ನಾನೊಬ್ಬನೇ ಎತ್ತೋ ಹಾಗಿರ್ಬೇಕು."

"ನಮ್ಮನೆ ಯುಪಿಎಸ್ ಬ್ಯಾಟರೀನೇ ಇಟ್ರೆ ಆಗಲ್ವೇನಪ್ಪಾ?" ವೇದಾ ಕೇಳಿದರು.

"ಇಲ್ಲ ಅಮ್ಮ. ಯುಪಿಎಸ್‌ದು ದಿನಾ ಪೂರ್ತಿ ಸಲ್ಪ ಸಲ್ಪ ಕೊಡ್ತಾ ಇರುತ್ತೆ. ಸೆಲ್ಫ್ ಹೊಡಿಯೋಕೆ ಬೇರೆ ಜಾತಿದು ಬೇಕು. ಒಂದೇ ಸಲಕ್ಕೆ ಧಡಾರ್ ಅಂತ ಜೋರು ಮಾಡುತ್ತೆ, ಆಮೇಲೆ ಆರಾಮಾಗಿ ಮಲಗಿರುತ್ತೆ."

ವೇದಾ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಅಂಥದ್ದು ಮನೇಲಿ ಆಗ್ಲೇ ಒಂದಿದೆ. ಈಗ ಇನ್ನೊಂದಾ!"

ಅಬ್ಬಾಸ್ ಅಲಿ ನಗು ತಡೆಯಲಾರದೆ ಅಂಗಡಿಯೊಳಗೆ ಹೋಗಿ ಬ್ಯಾಟರಿ ಹುಡುಕುವವನಂತೆ ನಟಿಸಿದ. ಅಂತೂ ಸಣ್ಣ ಕಾರಿಗೆ ಹಾಕುವ, ಬಿಗಿಯಾಗಿ ಮುಚ್ಚಿದ ಒಂದು ಬ್ಯಾಟರಿ ಆಯ್ಕೆಯಾಯಿತು. "ಸಣ್ಣದಾದ್ರೂ ನಿಮ್ಮ ಎಂಜಿನ್ನಿಗೆ ಸಾಕು. ಹಳೇದರ ಜೊತೆ ಸದಾ ಜೋಡಿಸಿಡ್ಬೇಡಿ ಸಾರ್, ಹೊಸದರ ರಕ್ತಾನೂ ಹೀರ್ಕೊಂಡ್ಬಿಡುತ್ತೆ. ನಡುವೆ ಈ ಸ್ವಿಚ್ ಹಾಕಿ. ಒಂದು ಅಂದ್ರೆ ಹಳೇದು, ಎರಡು ಅಂದ್ರೆ ಹೊಸದು" ಎಂದು ಹೇಳಿ ಕಳಿಸಿದ.

ಭಾನುವಾರ ಹಿನ್ನೀರಿನ ದಡದಲ್ಲಿ ಹೊಸ ಬ್ಯಾಟರಿಗೆ ಪೂಜೆ. ಅಲ್ಲೊಂದು ಧರ್ಮಸಂಕಟ ಎದುರಾಯಿತು.

"ನಿಂಬೆಹಣ್ಣು ಚಕ್ರದ ಕೆಳಗೆ ಇಡ್ಬೇಕಲ್ರೀ. ದೋಣಿಗೆ ಚಕ್ರ ಎಲ್ಲಿದೆ?"

ಭೂಗೋಳದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉಜ್ಜನಪ್ಪನವರು ಬಹಳ ಹೊತ್ತು ಯೋಚಿಸಿ ಹಣ್ಣುಗಳನ್ನು ನೀರಿಗೇ ಬಿಟ್ಟರು. ಅವು ತೇಲುತ್ತ ದೋಣಿಗಿಂತ ಮೊದಲೇ ಯಾನ ಹೊರಟವು. ಬಳಿಕ ಅವರು ಬ್ಯಾಟರಿಯ ಮುಂದೆ ಮೊಣಕಾಲೂರಿದರು. ಅದರ ನೆತ್ತಿಯ ಮೇಲೆ ವೈರು ಜೋಡಿಸುವ, ಸೀಸದ ಎರಡು ಗಿಡ್ಡ ಮೊಳಕೆಗಳು ಬಿಸಿಲಿಗೆ ಮಿನುಗುತ್ತಿದ್ದವು.

"ನೋಡು ಮಾರಾಯ್ತಿ, ಎರಡು ಪುಟ್ಟ ಲಿಂಗ ಇದ್ದ ಹಾಗಿಲ್ವಾ?"

ಅವರ ಮನಸ್ಸು ಕರಗಿತು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಎರಡಕ್ಕೂ ಸುತ್ತ ದಪ್ಪಗೆ ಬಳಿದರು. ಕೈ ಮುಗಿದು, ಅದು ಒಣಗಿದ ಮೇಲೆ ವೈರಿನ ಕ್ಲಿಪ್ಪುಗಳನ್ನು ಬಿಗಿದರು. ಹಳೆಯ ಬ್ಯಾಟರಿಯಿಂದಲೇ ಸೆಲ್ಫ್ ಹೊಡೆದರು. ಎಂಜಿನ್ ಗುಡುಗುಡು ಎಂದಿತು. ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ತೊಟ್ಟು ವೇದಾ ಮಹಾರಾಣಿಯಂತೆ ಕುಳಿತರು.

ನಡುನೀರು ಬಂತು. ಸುತ್ತ ಬೆಟ್ಟಗಳ ನೆರಳು ನೀರಿಗಿಳಿದು ಮೆಲ್ಲಗೆ ಅಲುಗುತ್ತಿತ್ತು. ಅಷ್ಟು ಸಾಲದೇ ಒಬ್ಬ ಮನುಷ್ಯನಿಗೆ? ಸಾಲದು!

"ಈಗ ಬೇಕಂತಲೇ ಎಂಜಿನ್ ಆಫ್ ಮಾಡ್ತೀನಿ. ನಮ್ಮ ಚಿಕ್ಕದರ ತಾಕತ್ತು ನೋಡುವೆಯಂತೆ!"

"ಯಾಕ್ರೀ, ಚೆನ್ನಾಗೇ ಓಡ್ತಿದೆಯಲ್ಲ?"

"ಪರೀಕ್ಷೆ ಮಾಡ್ದೆ ಪಾಸ್ ಮಾಡೋ ಮೇಷ್ಟ್ರಲ್ಲ ನಾನು!"

ಎಂಜಿನ್ ನಿಂತಿತು. ಸ್ವಿಚ್ ಎರಡಕ್ಕೆ ತಿರುಗಿತು. ಉಜ್ಜನಪ್ಪನವರು ಕೀ ತಿರುಗಿಸಿದರು.

ಟಿಕ್.

ಮತ್ತೆ ತಿರುಗಿಸಿದರು. ಟಿಕ್. ಸ್ವಿಚ್ಚನ್ನು ಒಂದಕ್ಕೆ ತಂದರು. ಹಳೆಯದು ಗೊರ್ರ್ ಎಂದು ಒಮ್ಮೆ ಕೆಮ್ಮಿ ಮೌನವ್ರತ ಹಿಡಿಯಿತು.

"ದೋಣಿಗೆ ಸೆಲ್ಫ್ ಇಲ್ಲ, ಯಜಮಾನ್ರಿಗೆ ಸೆಲ್ಫು ಜಾಸ್ತಿ" ಎಂದರು ವೇದಾ. "ಆ ಹೋಟೆಲಿನವನ ನಂಬರ್ ಇದೆಯೇನ್ರೀ?"

"ಒಂದ್ನಿಮಿಷ ಇರು ಮಾರಾಯ್ತಿ!" ಕಣ್ಣೆದುರು ಬಂಗುಡೆಗಳು ಕುಣಿಯುತ್ತಿರಲು ಉಜ್ಜನಪ್ಪನವರು ಎಂಜಿನ್ನಿನ ಗೂಡಿನೊಳಗೆ ತಲೆ ತೂರಿಸಿದರು. ಸ್ಪ್ಯಾನರಿನಿಂದ ಕ್ಲಿಪ್ಪು ಬಿಚ್ಚಿದರೆ ಒಳಗೆ ಬಿಳಿಯ ಪುಡಿ! ಸೀಸಕ್ಕೂ ಕ್ಲಿಪ್ಪಿಗೂ ನಡುವೆ ಗಟ್ಟಿಯಾಗಿ ಕೂತು ಕರೆಂಟನ್ನು ತಡೆದು ನಿಲ್ಲಿಸಿತ್ತು.

"ಏನ್ರೀ ಅದು ಬಿಳೀದು?" ಮೇಲಿಂದ ಪ್ರಶ್ನೆ ಬಂತು.

"ಏನಿಲ್ಲ... ತುಕ್ಕು."

"ತುಕ್ಕು ದೇವರ ಕೋಣೆ ಥರ ಘಮ್ ಅಂತಿದೆಯಲ್ಲ?"

ಉಜ್ಜನಪ್ಪನವರು ಪಂಚೆಯ ತುದಿಯಿಂದ ತಿಕ್ಕಿದರು, ಉಗುರಿನಿಂದ ಕೆರೆದರು, ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿದರು. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ದೋಣಿಯ ಬದಿಗೆ ನೀರು ಕಿಲಕಿಲ ನಗುತ್ತ ಹಿಂದಕ್ಕೆ ಹರಿಯುತ್ತಿತ್ತು. ಎಂಜಿನ್ ಸತ್ತಿದೆ, ದೋಣಿ ಹೋಗುತ್ತಿದೆ!

ತಲೆಯೆತ್ತಿ ನೋಡುತ್ತಾರೆ: ಹಾಯಿ ಬಿಚ್ಚಿಕೊಂಡು, ಗಾಳಿ ಕುಡಿದು, ಬಸುರಿಯ ಹೊಟ್ಟೆಯಂತೆ ತುಂಬಿ ನಿಂತಿದೆ. ಅದರ ಹಗ್ಗ ವೇದಾರ ಒಂದು ಕೈಯಲ್ಲಿ, ಚುಕ್ಕಾಣಿ ಇನ್ನೊಂದರಲ್ಲಿ.

"ಏನು ಮಾಡ್ದೆ ನೀನು?"

"ಇದು ಯಾತಕ್ಕಿರ್ಬಹುದು ಅಂತ ಕಟ್ಟು ಬಿಚ್ಚಿ ಹಗ್ಗ ಎಳೆದೆ. ಬಾವಿ ರಾಟೆ ಥರಾನೇ ಇದೆ."

"ಗಾಳಿ ಯಾವ ದಿಕ್ಕಂತ ನಿನಗೆ ಹೆಂಗೆ ಗೊತ್ತಾಯ್ತು?"

"ತಾರಸಿ ಮೇಲೆ ಬೆಡ್‌ಶೀಟ್ ಒಣಗಿಸೋಳಿಗೆ ಗೊತ್ತಾಗಲ್ವಾ? ಅಲ್ಲಾರೀ, ಹಾಯಿದೋಣಿಗೆ ಹಾಯಿ ತಾನೇ ಮುಖ್ಯ? ಎಂಜಿನ್ನೇ ಸ್ಟೆಪ್ನಿ. ನೀವು ಭದ್ರಾವತಿವರೆಗೆ ಹೋಗಿ ತಂದಿದ್ದು ಸ್ಟೆಪ್ನಿಗೆ ಸ್ಟೆಪ್ನಿ!"

ಮಾನ ಉಳಿಸಿಕೊಳ್ಳಲು ಒಂದೇ ದಾರಿಯಿತ್ತು. ಉಜ್ಜನಪ್ಪನವರು ಕ್ಲಿಪ್ಪು ಬಿಗಿದು ಕೀ ತಿರುಗಿಸಿದರು. ಧಡಾರ್! ಎಂಜಿನ್ ಒಂದೇ ಏಟಿಗೆ ಎದ್ದು ಗರ್ಜಿಸಿತು. "ನೋಡಿದ್ಯಾ! ನೋಡಿದ್ಯಾ!"

"ಮೊದ್ಲು ಅದನ್ನ ಆಫ್ ಮಾಡ್ರೀ! ಇಷ್ಟು ಚೆನ್ನಾಗಿ ಹೋಗ್ತಿರೋವಾಗ ಅದೇನು ಗಲಾಟೆ?"

ಆಫ್ ಮಾಡಿದರು. ಮತ್ತೆ ನೀರಿನ ಕಿಲಕಿಲ. ಉಜ್ಜನಪ್ಪನವರು ಸ್ಪ್ಯಾನರನ್ನು ಕೆಳಗಿಟ್ಟು, ಸಣ್ಣ ದನಿಯಲ್ಲಿ ಕೇಳಿದರು.

"ಹಂಗಾದ್ರೆ... ದೋಣಿ ಮಾರೋದಾ?"

ವೇದಾ ದಿಗಂತದಿಂದ ಕಣ್ಣು ತೆಗೆಯಲಿಲ್ಲ. "ನನ್ನ ದೋಣಿ ಮಾರೋಕೆ ನೀವ್ಯಾರ್ರೀ? ಸುಮ್ನೆ ಆ ಕಡೆ ಅಂಚಿಗೆ ಹೋಗಿ ಕೂತ್ಕೊಳ್ಳಿ. ದೋಣಿ ಇತ್ಲಾಗೆ ವಾಲ್ತಿದೆ, ಭಾರಕ್ಕೆ ಏನಾದ್ರೂ ಒಂದು ಬೇಕು."

ಉಜ್ಜನಪ್ಪನವರು ಕ್ಲಿಪ್ಪು ಬಿಚ್ಚಿ, ಹೊಸ ಬ್ಯಾಟರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಕಡೆ ಹೋಗಿ ಕುಳಿತರು. ದೋಣಿ ನೆಟ್ಟಗಾಯಿತು.