ಮಹದೇವಪ್ಪನವರ ಮರುಸೇರ್ಪಡೆ

ಹತ್ತು ಜನ ಬಳಸುವ ಸಾಮಾನು ಎಂದರೆ ನನಗೆ ಚಿಕ್ಕಂದಿನಿಂದಲೂ ಅಂಜಿಕೆ. ವಠಾರದ ನಲ್ಲಿ, ಎರಡು ಮನೆಗೆ ಸೇರಿದ ಕಾಂಪೌಂಡು, ಆಫೀಸಿನಲ್ಲಿರುವ ಒಂದೇ ಒಂದು ಛತ್ರಿ, ಇವುಗಳಿಂದ ಯಾರಾದರೂ ನೆಮ್ಮದಿಯಾಗಿದ್ದುದನ್ನು ನಾನಂತೂ ಕಂಡಿಲ್ಲ. ನಮ್ಮ ಆಫೀಸಿನ ಛತ್ರಿ ಬಿಸಿಲಿದ್ದ ದಿನವೆಲ್ಲ ಮೂಲೆಯಲ್ಲಿ ನಿಂತಿರುತ್ತದೆ. ಮಳೆ ಬಂದಾಗ ಮಾತ್ರ ಇನ್ಯಾರದೋ ಮನೆಯಲ್ಲಿರುತ್ತದೆ. ಇಂಥ ನನ್ನನ್ನು ಕಂಪ್ಯೂಟರ್ ಎಲ್ಲ ಕಡೆಯೂ ಬರತೊಡಗಿದ ಕಾಲದಲ್ಲಿ, ಎಲ್ಲರೂ ಹಂಚಿಕೊಂಡು ಬಳಸುವ ದಾಖಲೆಗಳ ಮುಂದೆ ತಂದು ಕೂರಿಸಿದರು.

ನಾನಾಗ ಒಂಟಿಕೊಪ್ಪಲ್‌ನ ಒಂದು ಉಚಿತ ವಿದ್ಯಾರ್ಥಿ ನಿಲಯದ ಆಫೀಸಿನಲ್ಲಿದ್ದೆ. ದಾನಿಗಳ ವಿಭಾಗ ನನ್ನದು, ಲೆಕ್ಕದ ವಿಭಾಗ ಸರಸ್ವತಿ ಮೇಡಂ ಅವರದು. ವಿಭಾಗವೆಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದೇ ಕೋಣೆ, ನಡುವೆ ಒಂದು ಕಬ್ಬಿಣದ ಬೀರು. ಬೀರುವಿನ ಈಚೆ ನನ್ನ ದಾನಿಗಳು. ಆಚೆ ಅವರ ಹಾಲಿನವರು, ತರಕಾರಿಯವರು, ಅಕ್ಕಿಯವರು. ಲಷ್ಕರ್ ಮೊಹಲ್ಲಾದಲ್ಲಿ ಅಂಗಡಿ ಇಟ್ಟಿದ್ದ ಮಹದೇವಪ್ಪನವರು ಎರಡೂ ಕಡೆ ಇದ್ದರು. ನನಗೆ ಅವರು ದಾನಿ, ಮೇಡಂಗೆ ಅಕ್ಕಿ. ಹೊಸ ಸಾಫ್ಟ್‌ವೇರ್ ಹಾಕಲು ಬಂದ ಇಂಜಿನಿಯರು, "ಇನ್ಮೇಲೆ ಒಬ್ಬ ಮನುಷ್ಯನಿಗೆ ಒಂದೇ ದಾಖಲೆ ಸಾರ್. ನೀವು ತಿದ್ದಿದ್ರೆ ಮೇಡಂ ಕಡೆನೂ ತಾನಾಗೇ ತಿದ್ದಿಹೋಗುತ್ತೆ" ಎಂದು ಹೆಮ್ಮೆಯಿಂದ ಹೇಳಿದರು. ನಾವಿಬ್ಬರೂ ಅರ್ಥವಾದವರಂತೆ ತಲೆಯಾಡಿಸಿದೆವು. ನನಗೆ ಆ ಕ್ಷಣ ನೆನಪಾದದ್ದು ಛತ್ರಿ.

ನಮ್ಮಲ್ಲೊಂದು ಪದ್ಧತಿಯಿತ್ತು. ತೀರಿಕೊಂಡ ತಂದೆತಾಯಿಯ ಹೆಸರಿನಲ್ಲಿ ಮಕ್ಕಳು ವರ್ಷಕ್ಕೊಂದು ದಿನ ನಿಲಯದ ಹುಡುಗರಿಗೆ ಊಟ ಹಾಕಿಸುತ್ತಿದ್ದರು. ಬದುಕಿದ್ದವರ ಹೆಸರಿನಲ್ಲಿ ಊಟ ಹಾಕಿಸಿದ್ದನ್ನು ನಾನು ಕಂಡಿರಲಿಲ್ಲ. ಹೀಗಿರುವಾಗ ಒಂದು ದಿನ ಮಹದೇವಪ್ಪನವರ ಮಗ ಫೋನ್ ಮಾಡಿದ. "ಸಾರ್, ಬರೋ ಸೋಮವಾರ ನಮ್ಮಪ್ಪಾಜಿ ಹೆಸರಲ್ಲಿ ಹುಡುಗ್ರಿಗೆಲ್ಲ ಊಟ ಹಾಕಿಸ್ಬೇಕು. ಪಾಯಸ ಇರ್ಲಿ." ನನಗೆ ಧಸಕ್ಕೆಂದಿತು. ಮಹದೇವಪ್ಪನವರ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಯಾವಾಗ ಹೋದರು, ಏನಾಗಿತ್ತು ಎಂದೆಲ್ಲ ನೊಂದವರನ್ನು ಕೆದಕಿ ಕೇಳುವುದು ಮರ್ಯಾದೆಯಲ್ಲವೆಂದು, "ಇದೇ ಮೊದಲ ವರ್ಷವೇನಪ್ಪಾ?" ಎಂದೆ, ದನಿ ತಗ್ಗಿಸಿ. "ಹೌದು ಸಾರ್. ಇನ್ಮೇಲೆ ವರ್ಷಾ ವರ್ಷಾ ಮಾಡ್ಬೇಕು ಅಂತ ಮನೇಲೆಲ್ಲ ಅಂದ್ಕೊಂಡಿದ್ದೀವಿ" ಎಂದ. ಇನ್ನೇನು ಬೇಕು? ಕಣ್ಣೊರೆಸಿಕೊಂಡು ದಾಖಲೆ ತೆಗೆದೆ. ಹೆಸರಿನ ಪಕ್ಕದಲ್ಲೇ 'ನಿಧನ' ಎಂಬ ಪುಟ್ಟ ಚೌಕ. ಅದರಲ್ಲಿ ಟಿಕ್ ಹಾಕಿದೆ. ಪ್ರಿಂಟರು ಕರಕರನೆ ಒಂದು ಸಂತಾಪಪತ್ರವನ್ನು ತಾನೇ ಬರೆದು ಕೊಟ್ಟಿತು. ಅದರ ಭಾಷೆ ಸಪ್ಪೆಯಾಗಿ ಕಂಡದ್ದರಿಂದ 'ಅನ್ನದಾತರು', 'ಕರುಣಾಳು' ಎಂದು ಕೈಯಾರೆ ಸೇರಿಸಿ ಅಂಚೆಗೆ ಹಾಕಿದೆ.

ಮಾರನೆಯ ದಿನ ಅಡುಗೆ ಭಟ್ಟರು ಬಂದು ಅಕ್ಕಿ ತಳ ಕಂಡಿದೆ ಎಂದರು. ಸತ್ತವರಿಗೆ ಅಕ್ಕಿಯ ಆರ್ಡರು ಕಳಿಸುವಷ್ಟು ದಡ್ಡತನ ನಮ್ಮ ಕಂಪ್ಯೂಟರಿಗಿರಲಿಲ್ಲ. ಮಹದೇವಪ್ಪನವರಿಗೆ ಹೋಗಬೇಕಾಗಿದ್ದ ಆರ್ಡರನ್ನು ತಡೆಹಿಡಿದಿತ್ತು. ಮೇಡಂ ತಮ್ಮ ಪರದೆಯಲ್ಲಿ 'ನಿಧನ' ನೋಡಿ, "ಅಯ್ಯೋ ಪಾಪ, ಇನ್ನು ವ್ಯಾಪಾರ ಯಾರು ನೋಡ್ಕೋತಾರೋ ಕೇಳೋಣ" ಎಂದು ಅಂಗಡಿಗೆ ಫೋನ್ ಹಚ್ಚಿದರು. ಒಂದು ಗಳಿಗೆ ಬಿಟ್ಟು ರಿಸೀವರನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. "ಸಾರ್, ಅವ್ರೇ ಮಾತಾಡ್ತಿದ್ದಾರೆ."

ಕಾಗದ ಆಗಲೇ ಅಂಚೆಯವನ ಚೀಲದಲ್ಲಿತ್ತು. ಬದುಕಿರುವ ಮನುಷ್ಯನ ಮನೆಗೆ ಸಾವಿನ ಕಾಗದ ಕಳಿಸುವುದಕ್ಕಿಂತ ದೊಡ್ಡ ಅಪಶಕುನ ಉಂಟೇ? ಮಹದೇವಪ್ಪನವರು ಅಕ್ಕಿ ನಿಲ್ಲಿಸಿದರೆ ಹುಡುಗರ ಗತಿ? ಅಧ್ಯಕ್ಷರ ಕಿವಿಗೆ ಬಿದ್ದರೆ ನನ್ನ ಗತಿ? ಸಂಜೆಯ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಮಹದೇವಪ್ಪನವರು ನನ್ನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಇಳಿದರು. ಹಿಂದೆಯೇ ಅವರ ಹೆಂಡತಿ ಗೌರಮ್ಮನವರು. ನಾನು ಎದ್ದು ನಿಂತು ಕೈ ಮುಗಿದೆ. ಬಾಯಿ ತೆರೆಯುವ ಮೊದಲೇ ಗೌರಮ್ಮನವರು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದುಬಿಟ್ಟರು!

ವಿಷಯ ಇಷ್ಟೇ. ಹಿಂದಿನ ವಾರ ಮಹದೇವಪ್ಪನವರ ತಲೆಗೆ ಕಾಗೆ ಕುಕ್ಕಿತ್ತಂತೆ. ಕಾಗೆ ಕುಕ್ಕಿದರೆ ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ಅತ್ತರೆ ದೋಷ ಕಳೆಯುತ್ತದೆ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು. "ಯಾರಿಗಾದ್ರೂ ಯೋಳಿ ಕಳ್ಸೋವಾ ಅಂದ್ರೆ ಇವ್ರು ಒಪ್ಪಲೇ ಇಲ್ಲ. ಅರವತ್ತು ತುಂಬೋ ಹೊತ್ನಲ್ಲಿ ಇಂಗಾಯ್ತಲ್ಲ ಅಂತ ನಂಗೆ ನಿದ್ದೇನೇ ಇಲ್ಲ. ಅಷ್ಟ್ರಲ್ಲಿ ನಿಮ್ ಕಾಗ್ದ ಬಂದ್ಬುಡ್ತು. ಹೂಟಗಳ್ಳಿಯಿಂದ ನನ್ ತಂಗಿ ಬಂದಿದ್ಲು. ಅವ್ಳೇ ಒಡೆದು ಓದಿ ಗೊಳೋ ಅಂತ ಅತ್ಲು. ಅಂಗ್ಡೀಲಿ ಏನೋ ಆಗೋಯ್ತು ಅಂತ ನಾನೂ ಅತ್ತೆ. ಬೀದಿಯವ್ರೂ ಬಂದು ಅತ್ರು. ಅಷ್ಟೊತ್ಗೆ ಇವ್ರು ಊಟಕ್ಕೆ ಬಂದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಯಾರು ಹೋಗ್ಬುಟ್ರು ಅಂತ ಕೇಳ್ತಾವ್ರೆ!"

ಮಹದೇವಪ್ಪನವರು ಕುರ್ಚಿ ಎಳೆದುಕೊಂಡು ಕುಳಿತರು. "ಅನ್ನದಾತರು, ಕರುಣಾಳು ಅಂತೆಲ್ಲ ಬರ್ದಿದ್ದೀರಿ. ಇಷ್ಟು ವರ್ಷ ಅಕ್ಕಿ ಹಾಕಿದ್ದೀನಿ, ಬದುಕಿದ್ದಾಗ ಒಂದ್ಸಲನಾದ್ರೂ ಅಂದ್ರಾ ಸ್ವಾಮಿ?" ಎಂದರು. ಆಮೇಲೆ ಅವರಿಗೇ ನಗು ಬಂತು. ಅವರು ನಕ್ಕ ಮೇಲೆ ನನಗೆ ಉಸಿರಾಡಲು ಧೈರ್ಯ ಬಂತು. ಮಗ ಹೇಳಿದ್ದ ಊಟ ಅವರ ಅರವತ್ತನೆಯ ಹುಟ್ಟುಹಬ್ಬದ್ದಾಗಿತ್ತು. ಅಂದು ರಾತ್ರಿಯೇ ಅಕ್ಕಿ ಬಂತು. ಸೋಮವಾರ ಸ್ವತಃ ಅವರೇ ಹುಡುಗರ ಪಂಕ್ತಿಯಲ್ಲಿ ಕುಳಿತು ತಮ್ಮ ಹೆಸರಿನ ಪಾಯಸವನ್ನು ಕೇಳಿ ಹಾಕಿಸಿಕೊಂಡರು. ಅದನ್ನು ನೋಡಿ ನನ್ನ ಮನಸ್ಸು ಹಗುರವಾಯಿತು. ಅಂಥ ರುಚಿಯಾದ ಪಾಯಸ ನಮ್ಮ ಭಟ್ಟರು ಹಿಂದೆಂದೂ ಮಾಡಿರಲಿಲ್ಲ.

ಉಳಿದದ್ದು ಟಿಕ್ ತೆಗೆಯುವ ಕೆಲಸ. ಎಷ್ಟು ಒತ್ತಿದರೂ ಹೋಗಲಿಲ್ಲ. ಇಂಜಿನಿಯರಿಗೆ ಫೋನ್ ಮಾಡಿದರೆ, "ಒಮ್ಮೆ ತೀರ್ಕೊಂಡ್ರೆ ವಾಪಸ್ ಬರೋದಕ್ಕೆ ಇದ್ರಲ್ಲಿ ದಾರಿ ಇಲ್ಲ ಸಾರ್. ಹೊಸಬ್ರು ಅಂತ ಸೇರಿಸ್ಬಿಡಿ" ಎಂದರು. ಸೇರಿಸಿದೆವು. ಪ್ರಿಂಟರು ಕರಕರನೆ, 'ನಮ್ಮ ನಿಲಯದ ಪರಿಚಯ ಮಾಡಿಕೊಂಡದ್ದಕ್ಕೆ ಸಂತೋಷ' ಎಂದು ಮಹದೇವಪ್ಪನವರಿಗೆ ಸ್ವಾಗತಪತ್ರ ಬರೆಯಿತು. ಅದನ್ನು ಅಂಚೆಗೆ ಹಾಕದೆ ಹರಿದೆ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ವಾರಗಳ ಮೇಲೆ ಆಫೀಸಿನ ಮುಂದಿನ ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದಾಗ ನನ್ನ ತಲೆಗೇ ಒಂದು ಕಾಗೆ ಕುಕ್ಕಿತು. ವಿಷಯ ತಿಳಿದು ನನ್ನಾಕೆ ಗಾಬರಿಯಾಗಲಿಲ್ಲ. "ನಿಮ್ಮ ಆಫೀಸಲ್ಲೇ ಇದೆಯಲ್ರೀ, ನಾಳೆ ಒಂದು ಟಿಕ್ ಹಾಕ್ಕೊಂಡು ಬನ್ನಿ" ಎಂದಳು. ನಾನು ಮೇಡಂ ಅವರನ್ನು ಕೇಳಿದೆ. ಅವರು ತಲೆಯೆತ್ತದೆ, "ಹಾಕ್ಕೊಳ್ಳಿ ಸಾರ್, ನಂದೇನೂ ಅಡ್ಡಿ ಇಲ್ಲ. ಆದ್ರೆ ನಮ್ಗೂ ದಾಖಲೆ ಒಂದೇ ನೋಡಿ. ಸಂಬಳ ನಿಲ್ಲುತ್ತೆ. ಮತ್ತೆ ಹೊಸಬ್ರಾಗಿ ಸೇರ್ಬೇಕು, ಸರ್ವಿಸ್ಸು ಮೊದಲಿಂದ" ಎಂದರು.

ಇಷ್ಟು ವರ್ಷದ ಸರ್ವಿಸ್ಸನ್ನು ಒಂದು ಕಾಗೆಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಹೋಗಿ, ಹಾಕಿದೆ ಕಣೇ ಎಂದೆ. ಅವಳು ನೆಮ್ಮದಿಯಾದಳು. ನಾನು ಮಾತ್ರ ಅಂದಿನಿಂದ ಸುಡುಬಿಸಿಲಿರಲಿ, ಮೋಡವಿರಲಿ, ಆಫೀಸಿನ ಛತ್ರಿಯನ್ನು ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡೇ ಆ ಮರದ ಕೆಳಗೆ ಓಡಾಡುತ್ತೇನೆ. ಸಂಜೆ ಅದು ನಮ್ಮ ಮನೆಗೇ ಬರುತ್ತದೆ.