ಎಸಿ ರೂಮಿನ ನಾಲ್ಕನೇ ಸೀಟು

ಭೂಮಿ ಬಿಸಿಯಾಗುವ ವಿಷಯದಲ್ಲಿ ನನ್ನಷ್ಟು ಬೇಜಾರು ಮಾಡಿಕೊಂಡವರು ಮುಂಬೈ ಪಕ್ಕದ ಈ ಡೊಂಬಿವಿಲಿ ಈಸ್ಟಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳ್ತಾ ಇದ್ದೇನೆ. ಹಿಮ ಕರಗುವ ಫೋಟೋ ಎಲ್ಲಿ ಕಂಡ್ರೂ ಮೊಬೈಲಿನಲ್ಲಿ ಹಾಕ್ತೇನೆ, ಕೆಳಗೆ ಮನುಷ್ಯ ಜಾತಿಗೆ ನಾಲ್ಕು ಸಾಲು ಬೈತೇನೆ, ಜನ ಅಳುವ ಮುಖ ಒತ್ತಿ ಹೋಗ್ತಾರೆ. ಬೈದು ಮುಗಿಸುವಾಗ ನನಗೆ ಒಂದು ರೀತಿ ತಂಪಾಗ್ತದೆ. ಅದು ಮನಸ್ಸಿನ ಭಾರ ಇಳಿದದ್ದರ ತಂಪು ಅಂತ ಬಹಳ ಸಮಯ ಅಂದುಕೊಂಡಿದ್ದೆ. ಒಂದು ದಿನ ತಲೆ ಎತ್ತಿ ನೋಡಿದ್ರೆ ಮೇಲೆ ಎಸಿ ಓಡ್ತಾ ಉಂಟು. ಮೊನ್ನೆ ಒಬ್ಬ ಪುಣ್ಯಾತ್ಮರು ಅಳುವ ಮುಖ ಒತ್ತುವ ಬದಲು ಪ್ರಶ್ನೆಯೇ ಕೇಳಿಬಿಟ್ರು: "ಮೇಡಂ, ಎಲ್ಲರೂ ಸೇರಿದ್ರೆ ಇದನ್ನೆಲ್ಲ ಹಿಂದೆ ತಿರುಗಿಸ್ಲಿಕ್ಕೆ ಇನ್ನೂ ಆಗ್ತದಾ? ಇಲ್ಲಾ ಕೈ ಮೀರಿತಾ?" ಬೈಯುವುದು ಸುಲಭ ಮಾರಾಯ್ರೆ, ಉತ್ತರ ಕೊಡುವುದು ಕಷ್ಟ. ಉತ್ತರ ಹುಡುಕ್ತಾ ಹೋದ್ರೆ ನನಗೆ ನೆನಪಾದದ್ದು ಲೋಕಲ್ ಟ್ರೇನು.

ನಾವು ಡೊಂಬಿವಿಲಿಯವರು ಟ್ರೇನನ್ನು ಬೈದಷ್ಟು ಇನ್ಯಾವುದನ್ನೂ ಬೈಯುವುದಿಲ್ಲ. ಆದ್ರೆ ಲೇಡೀಸ್ ಡಬ್ಬದಲ್ಲಿ ಇಷ್ಟು ವರ್ಷ ದಾದರಿಗೆ ಕೆಲಸಕ್ಕೆ ಹೋಗಿ ಬಂದವಳು ನಾನು, ಒಂದು ಮಾತು ಹೇಳ್ತೇನೆ. ಮೂರು ಜನ ಕೂತುಕೊಳ್ಳುವ ಸೀಟಿನಲ್ಲಿ ನಾವು ನಾಲ್ಕು ಜನ ಕೂತುಕೊಳ್ತೇವೆ. ನಾಲ್ಕನೆಯವಳ ಅರ್ಧ ಶರೀರ ಗಾಳಿಯಲ್ಲಿ, ಅರ್ಧ ಸೀಟಿನಲ್ಲಿ. ಹತ್ತಿದ ಕೂಡಲೇ ಕೂತವರ ಹತ್ರ "ಕುಠೇ ಉತರ್ಣಾರ್?", ಎಲ್ಲಿ ಇಳಿಯೋದು, ಅಂತ ಕೇಳಿ ಆ ಸೀಟನ್ನು ಬುಕ್ ಮಾಡಿಕೊಳ್ತೇವೆ. ನಮ್ಮ ಗುಂಪಿನಲ್ಲಿ ಇನ್ನೂ ಒಂದು ಪದ್ಧತಿ: ಡೊಂಬಿವಿಲಿಯಿಂದ ಕೂತು ಬಂದವರು ಅರ್ಧ ದಾರಿಯ ಮುಲುಂಡ್ ಸ್ಟೇಷನ್ ಬಂದ ಕೂಡಲೇ ಎದ್ದು, ನಿಂತು ಬಂದವರಿಗೆ ಸೀಟು ಬಿಡಬೇಕು. ಇದನ್ನು ಯಾರೂ ಬೋರ್ಡು ಬರೆದು ಹಾಕಲಿಲ್ಲ, ತಪ್ಪಿದ್ರೆ ದಂಡ ಇಲ್ಲ. ಒಬ್ಬಳು ಏಳದಿದ್ರೆ ಯಾರೂ ಬೈಯುವುದೂ ಇಲ್ಲ. ಅವಳ ಎದುರಿಗೇ ನಿಂತು ಸೊಪ್ಪಿನ ರೇಟು, ಅತ್ತೆಯ ಮಂಡಿನೋವು ಎಲ್ಲ ಮಾತಾಡ್ತೇವೆ, ಮಧ್ಯೆ ಮಧ್ಯೆ ಅವಳನ್ನೇ ನೋಡ್ತೇವೆ. ಭಾಂಡುಪ್ ಬರುವುದರೊಳಗೆ ಎಂಥ ಗಟ್ಟಿಗಿತ್ತಿಯೂ ಏಳ್ತಾಳೆ.

ನಮ್ಮ ಗುಂಪಿನ ಯಜಮಾನ್ತಿ ಶಾಂತಕ್ಕ. ಧಾರವಾಡದವರು, ಆಫೀಸಿನಲ್ಲಿ ಸೂಪರಿಂಟೆಂಡೆಂಟ್, ಮನೆಯಲ್ಲಿ ಅದಕ್ಕಿಂತ ಮೇಲಿನ ಪೋಸ್ಟು. ನಮ್ಮ ಸೊಸೈಟಿಯಲ್ಲೇ ಎ ವಿಂಗ್, ನಾವು ಬಿ ವಿಂಗ್. ಎರಡು ವಿಂಗಿನ ನಡುವಿನ ಅಂಗಳದಲ್ಲಿ ಒಂದು ದೊಡ್ಡ ನೇರಳೆ ಮರ. ಅದರ ನೆರಳು ಬೀಳುವುದು ಸರಿಯಾಗಿ ನನ್ನ ಅಡುಗೆಮನೆ ಕಿಟಕಿಗೆ. ಅದರ ಹಣ್ಣು ಬೀಳುವುದು ಸರಿಯಾಗಿ ಸೆಕ್ರೆಟರಿ ಸಾವಂತ್ ಕಾಕಾರ ಬಿಳಿ ಕಾರಿಗೆ. ಹಾಗಾಗಿ ಆ ಮರದ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಯಾವತ್ತೂ ಒಂದಾಗಲಿಲ್ಲ.

ಎಸಿ ಯಾಕೆ ತಗೊಂಡೆ ಅಂತ ಕೇಳ್ತೀರಿ. ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬಂದಾಗ ಫ್ಯಾನು ಸಾಕಾಗ್ತಿತ್ತು. ಆಮೇಲೆ ಮೇಲಿನ ಮನೆ ಸಾವಂತ್ ಕಾಕಾ ಎಸಿ ಹಾಕಿಸಿದ್ರು. ಅವರ ಎಸಿಯ ಹೊರಗಿನ ಡಬ್ಬ ನಮ್ಮ ಕಿಟಕಿಯ ಮೇಲೆಯೇ ಕೂತು ಬಿಸಿಗಾಳಿ ಉಗುಳ್ಲಿಕ್ಕೆ ಶುರು ಮಾಡಿತು. ಅವರ ಬಿಸಿ ತಡೆಯಲಾರದೆ ನಾವು ತಗೊಂಡೆವು. ನಮ್ಮ ಬಿಸಿ ಪಕ್ಕದವರ ಕಿಟಕಿಗೆ ಹೋಯಿತು, ಅವರೂ ತಗೊಂಡ್ರು. ಹೀಗೆ ಶೀತ ನೆಗಡಿ ಹಬ್ಬಿದ ಹಾಗೆ ಎರಡು ಬೇಸಿಗೆಯೊಳಗೆ ಇಡೀ ಸೊಸೈಟಿಗೆ ಎಸಿ ಹಬ್ಬಿತು. ಅಂಗಳ ಮಾತ್ರ ಇವರ ಹೋಟೆಲಿನ ಭಟ್ಟಿಯ ಹಾಗೆ ಆಯಿತು. ಇವರು ಅಂದ್ರೆ ನಮ್ಮ ಯಜಮಾನ್ರು. ಠಾಣೆಯಲ್ಲಿ ಫ್ಯಾಕ್ಟರಿಗಳ ನಡುವೆ ಒಂದು ಸಣ್ಣ ಇಡ್ಲಿ-ದೋಸೆ ಹೋಟೆಲ್. ಭಾನುವಾರ ಫ್ಯಾಕ್ಟರಿ ರಜೆ, ಹೋಟೆಲೂ ಬಂದ್. ವಾರವಿಡೀ ದೋಸೆ ಕಾವಲಿಯ ಎದುರು ಬೆಂದ ಮನುಷ್ಯ, ಭಾನುವಾರ ಮಧ್ಯಾಹ್ನ ಊಟ ಮಾಡಿ ಎಸಿ ಹಾಕಿ ಮಲಗಿದ್ರೆ ನಾನು ಭೂಮಿಯ ಹೆಸರು ಹೇಳಿ ಎಬ್ಬಿಸಲಿಕ್ಕೆ ಉಂಟಾ? ಒಮ್ಮೆ ಹೇಳಿ ನೋಡಿದೆ. "ನಾನೊಬ್ಬ ಬಂದ್ ಮಾಡಿದ್ರೆ ಭೂಮಿ ತಣ್ಣಗಾಗ್ತದಾ ಮಾರಾಯ್ತಿ? ನಾನೊಬ್ಬ ಬೇಯ್ತೇನೆ, ಅಷ್ಟೆ" ಅಂದ್ರು. ನಾನು ಹೊರಗಿನ ರೂಮಿಗೆ ಹೋಗಿ ಹಿಮ ಕರಗುವ ಇನ್ನೊಂದು ಫೋಟೋ ಹಾಕಿದೆ.

ತೊಂದರೆ ಏನಂದ್ರೆ, ಭಾನುವಾರ ಮಧ್ಯಾಹ್ನ ಮಲಗುವ ಯಜಮಾನ್ರು ಎಲ್ಲರ ಮನೆಯಲ್ಲೂ ಒಬ್ಬೊಬ್ರು ಇದ್ದರು. ವಾರದ ದಿನ ಒಬ್ಬೊಬ್ಬರು ಒಂದೊಂದು ಟ್ರೇನಿಗೆ ಬಂದು ಒಂದೊಂದು ಹೊತ್ತಿಗೆ ಮಲಗುವವರು, ಹೇಗೋ ನಡೀತಿತ್ತು. ಭಾನುವಾರ ಮಾತ್ರ ಎಲ್ಲರ ಮನೆಯಲ್ಲೂ ಮೀನು ಅಥವಾ ಕೋಳಿ ಮುಗಿದು, ನಮ್ಮಲ್ಲಿ ಮಜ್ಜಿಗೆ ಹುಳಿ ಮುಗಿದು, ಒಂದೇ ಹೊತ್ತಿಗೆ ಎಲ್ಲ ಎಸಿ ಶುರು. ಐದು ನಿಮಿಷಕ್ಕೆ ಢಬ್ ಅಂತ ಮೇನ್ ಫ್ಯೂಸ್ ಹೋಗಿ ಫ್ಯಾನೂ ಇಲ್ಲ, ಫ್ರಿಜ್ಜೂ ಇಲ್ಲ. ಕರೆಂಟಿನವರು ಬಂದು ನೋಡಿ, ಇಷ್ಟು ಲೋಡು ಈ ಕೇಬಲ್ ತಡಕೊಳ್ಳುವುದಿಲ್ಲ, ಅಂಗಳದಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು ಅಂದ್ರು. ಜಾಗ ಎಲ್ಲಿ ಅಂತ ಕೇಳಿದ್ರೆ ನೇರಳೆ ಮರದ ಬುಡ ತೋರಿಸಿದ್ರು. ಸಾವಂತ್ ಕಾಕಾರ ಮುಖದಲ್ಲಿ ಆ ದಿನ ಕಂಡ ದುಃಖ ಅಷ್ಟೇನೂ ಆಳದ್ದಲ್ಲ. ಮರ ಕಡಿಯುವ ಪರ್ಮಿಷನ್ ನಾನೇ ಓಡಾಡಿ ತರ್ತೇನೆ ಅಂತ ಆಗಲೇ ಹೇಳಿಬಿಟ್ರು.

ಮೀಟಿಂಗ್ ಕರೆದ್ರು. ನಾನು ಎದ್ದು ನಿಂತು ಮನುಷ್ಯ, ಮರ, ಮುಂದಿನ ಪೀಳಿಗೆ ಅಂತ ಚೆನ್ನಾಗಿಯೇ ಮಾತಾಡಿದೆ. ಕಣ್ಣು ಸ್ವಲ್ಪ ಒದ್ದೆಯೂ ಆಯಿತು. ಸಾವಂತ್ ಕಾಕಾ ಪೂರ್ತಿ ಕೇಳಿ, ಬಹಳ ಮರ್ಯಾದೆಯಿಂದ, "ಬರೋಬರ್ ಆಹೆ ತಾಈ. ಪಣ್ ತುಮ್ಚಾ ಎಸಿ?" ಅಂದ್ರು. ಸರಿಯೇ ಅಕ್ಕಾ, ಆದ್ರೆ ನಿಮ್ಮ ಎಸಿ? ಇಡೀ ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನ್ನ ಪಕ್ಕ ಕೂತಿದ್ದ ನಮ್ಮ ಯಜಮಾನ್ರು. ನಾನು ಕೂತೆ, ಮರ ಹೋಯಿತು ಅಂತಲೇ ಲೆಕ್ಕ ಹಾಕಿದೆ.

ಆಗ ಶಾಂತಕ್ಕ ಕೂತಲ್ಲಿಂದಲೇ ಶುರು ಮಾಡಿದ್ರು. ಅವರ ಮರಾಠಿಯೂ ಧಾರವಾಡದ್ದೇ, ಆದ್ದರಿಂದ ಕನ್ನಡದಲ್ಲೇ ಹೇಳ್ತೇನೆ. "ಅಲ್ರೀ ಸಾವಂತ್ರ, ಮೂರು ಮಂದಿ ಸೀಟಿನ ಮ್ಯಾಲೆ ನಾಕು ಮಂದಿ ಕುಂದರೂದು ನಮಗೇನು ಹೊಸದಾ? ಟ್ರೇನಿನ್ಯಾಗ ಸೀಟು ಸಾಲಂಗಿಲ್ಲಂತ ಯಾರರ ರೈಲ್ವೇದವ್ರಿಗೆ ಹಳಿ ಕಿತ್ತು ಅಗಲ ಮಾಡ್ರಿ ಅಂತಾರೇನು? ಮುಲುಂಡ್ ಬಂದ ಕೂಡ್ಲೆ ಏಳ್ತೀವಿ. ಐತವಾರ ಮೊದಲ ಎ ವಿಂಗ್ ಎಸಿ ಹಚ್ಚಲಿ, ಬಿ ವಿಂಗ್ ಬಂದ್. ಆಮ್ಯಾಲೆ ಎ ಬಂದ್, ಬಿ ಚಾಲೂ. ಬಂದ್ ಇದ್ದವ್ರು ಚಾಲೂ ಇದ್ದವ್ರ ಮನೀಗೆ ಬಂದು ಮಕ್ಕೊಳ್ರಿ. ಪ್ರತಿ ಎಸಿ ರೂಮಿನ್ಯಾಗ ನಾಕನೇ ಸೀಟು ಇರಲೇಬೇಕು." ಗಂಡಸರು ಒಬ್ಬರ ಮುಖ ಒಬ್ಬರು ನೋಡಿದ್ರು. ಹೆಂಗಸರು ನೋಡಲಿಲ್ಲ, ನಮಗೆ ಅದು ದಿನದ ಕಥೆ. ಕೊನೆಗೆ ಸಾವಂತ್ ಕಾಕಾ ಒಂದು ಶರ್ತ ಹಾಕಿದ್ರು: ಮಳೆ ಬರುವವರೆಗೆ ನೋಡುವ, ಒಂದೇ ಒಂದು ಸಲ ಫ್ಯೂಸ್ ಹೋದ್ರೂ ಮರ ಹೋಗ್ತದೆ. ಎಲ್ಲರೂ ಒಪ್ಪಿದ್ರು.

ಮೊದಲ ಭಾನುವಾರ ನಾಚಿಕೆಯಲ್ಲೇ ಹೋಯಿತು. ಇಷ್ಟು ವರ್ಷ ಮೆಟ್ಟಿಲಲ್ಲಿ ಸಿಕ್ಕಿದ್ರೆ ತಲೆ ಆಡಿಸುತ್ತಿದ್ದವರು ದಿಂಬು ಹಿಡ್ಕೊಂಡು ಮನೆಗೆ ಬಂದ್ರೆ ಎಂತ ಹೇಳುವುದು? ಎರಡನೇ ವಾರಕ್ಕೆ ನಾಚಿಕೆ ಹೋಗಿ ಟ್ರೇನಿನ ಬುದ್ಧಿ ಪೂರ್ತಿ ಬಂತು. ಮಕ್ಕಳು ಓಡಿ ಬಂದು ಎಸಿಯ ನೇರ ಕೆಳಗಿನ ಚಾಪೆಗೆ ಕರ್ಚೀಫ್ ಎಸೆದು ಜಾಗ ಹಿಡಿಯಲಿಕ್ಕೆ ಶುರು ಮಾಡಿದ್ರು. ನನ್ನ ಮಗಳಿಗೆ ನಾನು ಕನ್ನಡದಲ್ಲಿ ಬೈದ್ರೆ ಅವಳು ಹಿಂದಿಯಲ್ಲಿ, "ಮಮ್ಮಿ, ವಿಂಡೋ ಸೀಟ್ ಹೈ" ಅಂತಾಳೆ. ಶಾಂತಕ್ಕನ ಮನೆಯಲ್ಲಿ ನಮ್ಮ ಯಜಮಾನ್ರು ಗೋಡೆ ಬದಿಯ ಒಳ್ಳೇ ಜಾಗದಲ್ಲಿ ಗೊರಕೆ ಹೊಡೀತಿದ್ರು. ಆಗ ತಡವಾಗಿ ಬಂದ ಒಬ್ಬ ಅಜ್ಜಿ ಅವರ ಭುಜ ತಟ್ಟಿ "ಕುಠೇ ಉತರ್ಣಾರ್?" ಅಂತ ಕೇಳಿದ್ರು. ಇವರು ಕಣ್ಣು ತೆರೆಯದೆ "ಠಾಣೆ" ಅಂದು, ಸ್ವಲ್ಪ ಸರಿದು ಜಾಗ ಕೊಟ್ಟು, ಮತ್ತೆ ಗೊರಕೆ ಮುಂದುವರಿಸಿದ್ರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಹೇಳಿ ಅವರು ಅಷ್ಟು ಸಲೀಸಾಗಿ ಸರಿದದ್ದಿಲ್ಲ.

ಆದ್ರೆ ನಿಜವಾಗಿ ನೋಡಬೇಕಾದದ್ದು ವಿಂಗ್ ಬದಲಾಗುವ ಹೊತ್ತು. ಶಾಂತಕ್ಕ ಎದ್ದು ಎಸಿ ಬಂದ್ ಮಾಡಿ, ಕಿಟಕಿಯಿಂದ ಅಂಗಳಕ್ಕೆ ಕೇಳುವ ಹಾಗೆ "ಮುಲುಂಡ್" ಅಂತ ಕೂಗುವುದು. ಎ ವಿಂಗಿನಿಂದ ದಿಂಬು, ಚಾಪೆ, ಅರ್ಧ ನಿದ್ದೆಯ ಮಕ್ಕಳು, ಅಜ್ಜಿಯ ವಾಕರು ಎಲ್ಲ ಮೆರವಣಿಗೆಯಾಗಿ ಇಳಿದು, ನೇರಳೆ ಮರದ ಕೆಳಗಿನಿಂದ ದಾಟಿ ಬಿ ವಿಂಗಿಗೆ ಹತ್ತುವುದು. ನಾನು ಅಣಕ ಮಾಡುವ ಜಾತಿಯವಳು, ನಿಮಗೇ ಗೊತ್ತು. ಆದ್ರೆ ಈ ಮೆರವಣಿಗೆ ನೋಡುವಾಗ ನನ್ನ ಬಾಯಿಗೆ ಒಂದು ಅಣಕವೂ ಬರುತ್ತಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಲಿಕ್ಕೆ ಬ್ರಶ್ಶು ಹಿಡ್ಕೊಂಡು ಹೊರಟವರ ಹಾಗೆ ನಿದ್ದೆಗಣ್ಣಲ್ಲಿ ನಡೆಯುವ ಈ ಜನ, ಯಾರ ಭಯವೂ ಇಲ್ಲದೆ, ತಮ್ಮ ಸ್ವಂತ ಹಣದ ಎಸಿಯನ್ನು ತಾವೇ ಬಂದ್ ಮಾಡಿ ಬಂದಿದ್ದಾರಲ್ಲ!

ಮೇ ತಿಂಗಳ ಒಂದು ಭಾನುವಾರ, ಎ ವಿಂಗಿನ ಸರದಿಯಲ್ಲಿ, ಅಂಗಳದಲ್ಲಿ ಟಪ್ ಟಪ್ ಸದ್ದು. ಬಿ ವಿಂಗಿನ ಒಂದು ಎಸಿಯ ಪೈಪಿನಿಂದ ನೀರು ತೊಟ್ಟಿಕ್ಕುತ್ತಾ ಉಂಟು. ಓಡದ ಎಸಿಯಿಂದ ನೀರು ಬರುವುದಿಲ್ಲ. ಅದು ಸಾವಂತ್ ಕಾಕಾರದ್ದು. ಆ ದಿನ ಎ ವಿಂಗಿನಲ್ಲಿ ಒಂದು ಎಸಿಯೂ ಬಾಕಿ ಇಲ್ಲದೆ ಓಡ್ತಾ ಇತ್ತು, ಫ್ಯೂಸ್ ಯಾವ ಗಳಿಗೆಯಲ್ಲಿ ಬೇಕಾದ್ರೂ ಹಾರಬಹುದು. ನನ್ನ ಮೈಯೆಲ್ಲ ಉರಿಯಿತು. ಕಾರಿಗಾಗಿ ಬೇಕಂತಲೇ ಮಾಡ್ತಿದ್ದಾರೆ ಅಂತ ಮೇಲೆ ಹೋಗಿ ಜಗಳ ತೆಗೆಯಲಿಕ್ಕೆ ಹೊರಟೆ. ಶಾಂತಕ್ಕ ಕೈ ಹಿಡಿದು ನಿಲ್ಲಿಸಿದ್ರು. "ಟ್ರೇನಿನ್ಯಾಗ ಬೈತೀಯೇನು? ಸುಮ್ನ ನಿಂದ್ರು. ಮಾತಾಡು." ಮರದ ಕೆಳಗೆ, ಆ ಕಿಟಕಿಯ ಎದುರು, ನಾವು ಏಳೆಂಟು ಹೆಂಗಸರು ನಿಂತು ಮಾವಿನಕಾಯಿ ಉಪ್ಪಿನಕಾಯಿಗೆ ಮೆಂತ್ಯ ಎಷ್ಟು ಹಾಕುವುದು ಅಂತ ಮಾತಾಡಿದೆವು. ಮಧ್ಯೆ ಮಧ್ಯೆ ಮೇಲೆ ನೋಡಿದೆವು. ಮೆಂತ್ಯದ ವಿಷಯ ಮುಗಿಯುವುದರೊಳಗೆ ಟಪ್ ಟಪ್ ನಿಂತಿತು. ಸಾವಂತ್ ಕಾಕಾ ಇಳಿದು ಬಂದು ಸಣ್ಣ ಸ್ವರದಲ್ಲಿ, ಪುಣೆಯಿಂದ ಅಳಿಯ ಬಂದಿದ್ದಾರೆ, ಮದುವೆಯಾದ ಮೇಲೆ ಮೊದಲ ಬೇಸಿಗೆ, ಅವರನ್ನು ಬೆವರಿಸುವುದು ಹೇಗೆ ಅಂದ್ರು. ಪಾಪ, ಅವರ ಮುಖದಲ್ಲಿ ಕಾರು ಇರಲಿಲ್ಲ, ಬರೀ ಮಾವನ ಮರ್ಯಾದೆ ಇತ್ತು. ಶಾಂತಕ್ಕ ಅಂದ್ರು, "ಅದಕ್ಕ್ಯಾಕ ಚಿಂತಿ? ಕರ್ಕೊಂಡು ಬರ್ರಿ, ನಾಕನೇ ಸೀಟು ಐತಿ." ಇಸ್ತ್ರಿ ಹಾಕಿದ ಶರ್ಟಿನ ಅಳಿಯನನ್ನು ಶಾಂತಕ್ಕನ ಎಸಿ ರೂಮಿನಲ್ಲಿ ನಮ್ಮ ಯಜಮಾನ್ರ ಪಕ್ಕದಲ್ಲಿ ಮಲಗಿಸಲಾಯಿತು. ಎದ್ದಾಗ ಅವನೂ ಒಂದು ಮಗುವನ್ನು ಎತ್ತಿಕೊಂಡು ಮೆರವಣಿಗೆಯಲ್ಲಿ ಬಿ ವಿಂಗಿಗೆ ಬಂದ.

ಮಳೆ ಬಂತು. ಫ್ಯೂಸ್ ಹೋಗಲಿಲ್ಲ. ಮೊದಲ ಮಳೆಗೆ ನೇರಳೆ ಹಣ್ಣು ರಪರಪ ಉದುರಿ ಸಾವಂತ್ ಕಾಕಾರ ಕಾರು ಬದನೆಕಾಯಿ ಬಣ್ಣಕ್ಕೆ ಬಂತು. ಅವರು ಅದರ ಮೇಲೆ ಒಂದು ಹಳೇ ಬೆಡ್‌ಶೀಟ್ ಹೊದಿಸಿ, ನಾಲ್ಕು ಹಣ್ಣು ಹೆಕ್ಕಿ ಬಾಯಿಗೆ ಹಾಕಿಕೊಂಡದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ನಮ್ಮ ಯಜಮಾನ್ರಂತೂ ಈಗ ಎಷ್ಟೋ ಭಾನುವಾರ ಮೆರವಣಿಗೆಯಿಂದ ಅರ್ಧಕ್ಕೇ ಇಳಿದು ಮರದ ಕೆಳಗೆ ಕುರ್ಚಿ ಹಾಕಿಯೇ ಕೂರ್ತಾರೆ. "ನಾನೊಬ್ಬ" ಅನ್ನುವ ಮಾತು ಅವರ ಬಾಯಲ್ಲಿ ಮತ್ತೆ ಕೇಳಲಿಲ್ಲ.

ಇದರಿಂದ ಭೂಮಿ ತಣ್ಣಗಾಯಿತಾ ಅಂದ್ರೆ, ಇಲ್ಲ ಮಾರಾಯ್ರೆ. ಮರು ವರ್ಷದ ಬೇಸಿಗೆ ಇನ್ನೂ ಜೋರಿತ್ತು. ಕರಗುವ ಹಿಮಕ್ಕೆ ನಮ್ಮ ಸೊಸೈಟಿಯ ಸುದ್ದಿ ಮುಟ್ಟಿದ ಹಾಗೆ ಕಾಣುವುದಿಲ್ಲ. ಆದ್ರೆ ಮನುಷ್ಯರು ಒಟ್ಟಿಗೆ ಎದ್ದು ಸೀಟು ಬಿಡುವ ಜಾತಿಯೇ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ, ನಾನು ಅವರನ್ನು ಒಂದು ಭಾನುವಾರ ಊಟಕ್ಕೆ ಕರೀತೇನೆ.

ಇದನ್ನೆಲ್ಲ ಆ ಪ್ರಶ್ನೆ ಕೇಳಿದ ಪುಣ್ಯಾತ್ಮರಿಗೆ ಉತ್ತರವಾಗಿ ಬರೀತಾ ಇದ್ದದ್ದು ಈ ಭಾನುವಾರ ಮಧ್ಯಾಹ್ನ, ಶಾಂತಕ್ಕನ ರೂಮಿನಲ್ಲಿ, ಎಸಿಯ ನೇರ ಕೆಳಗೆ. ತ್ಯಾಗ, ಶಿಸ್ತು, ಮನುಷ್ಯನ ಒಳ್ಳೆತನ ಅಂತ ಕೈ ಓಡ್ತಾ ಇತ್ತು. ಮುಲುಂಡ್ ಅಂತ ಕೂಗಿದ್ದು ಕೇಳಿಸಲೇ ಇಲ್ಲ. ತಲೆ ಎತ್ತಿ ನೋಡಿದ್ರೆ ರೂಮು ಖಾಲಿ, ಎಲ್ಲರೂ ದಿಂಬು ಹಿಡ್ಕೊಂಡು ಇಳಿದು ಹೋಗಿ ಆಗಿದೆ. ಶಾಂತಕ್ಕ ಮಾತ್ರ ನನ್ನ ಎದುರಿಗೇ ನಿಂತಿದ್ದಾರೆ. ಬೈಯಲಿಲ್ಲ. ಎಸಿಯ ಸ್ವಿಚ್ಚಿನ ಮೇಲೆ ಒಂದು ಕೈ ಇಟ್ಟುಕೊಂಡು, "ಈ ವರ್ಷ ಹುಣಸೇಹಣ್ಣು ಭಾಳ ತುಟ್ಟಿ ಆಗ್ಯಾವ ನೋಡವ್ವಾ" ಅಂದ್ರು. ನನ್ನನ್ನೇ ನೋಡಿದ್ರು. ಎದ್ದೆ.