ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುವ ಮೆಷಿನ್

ಡೆಸ್ ಟ್ರೆವಿನ್ ಬದುಕಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ಊಟಕ್ಕೆ ಕೂತರೆ ಎರಡನೇ ಸಲ ಬಡಿಸಿಕೊಳ್ಳುತ್ತಾನೆ ಎಂಬ ಸರಳ ಸತ್ಯವನ್ನು ಒಪ್ಪಲು ವಾಟಲ್ ಬೀದಿಯಲ್ಲಿ ಒಬ್ಬರೂ ತಯಾರಿರಲಿಲ್ಲ. ಇಷ್ಟಕ್ಕೆಲ್ಲ ಕಾರಣ ಅವನ ಹುಲ್ಲು ಕತ್ತರಿಸುವ ಹಳೇ ಮೆಷಿನ್.

ಆ ಮೆಷಿನ್ ಮಾವ ಕೊಟ್ಟದ್ದು. (ಕೊಟ್ಟದ್ದು ಎನ್ನುವುದಕ್ಕಿಂತ, ಮಗಳ ಜೊತೆ ಸಾಗಹಾಕಿ ಕೈತೊಳೆದುಕೊಂಡದ್ದು ಎನ್ನಬೇಕು.) ಹಗ್ಗ ಎಳೆದರೆ ಕೆಮ್ಮುತ್ತಿತ್ತು, ಇನ್ನೊಮ್ಮೆ ಎಳೆದರೆ ಸೀನುತ್ತಿತ್ತು, ಬೈದರೆ ಮಾತ್ರ ಓಡುತ್ತಿತ್ತು. ಆ ಶನಿವಾರ ಬೈಗುಳಕ್ಕೂ ಬಗ್ಗದೆ, ಮನೆಯೆದುರಿನ ಹುಲ್ಲುಪಟ್ಟಿಯ ನಟ್ಟನಡುವೆ ಕಪ್ಪು ಹೊಗೆ ಕಾರಿ ಪ್ರಾಣ ಬಿಟ್ಟಿತು. ಡೆಸ್ ಸಿಟ್ಟಿನಿಂದ ಅದನ್ನು ಒದ್ದು, ಕಾಲ್ಬೆರಳು ನೋಯಿಸಿಕೊಂಡು, ಕುಂಟುತ್ತ ಒಳಗೆ ಹೋದ. ಕುಂಟಿದ್ದನ್ನು ಎದುರುಮನೆಯ ಮೇವಿಸ್ ಕಿಟಕಿಯಿಂದ ನೋಡಿದಳು.

ಅವರ ಊರಾದ ಗೀಲಾಂಗ್‌ನಲ್ಲಿ ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲುಪಟ್ಟಿ ಪುರಸಭೆಯ ಸ್ವತ್ತು. ಕತ್ತರಿಸುವ ಕರ್ಮ ಮಾತ್ರ ಮನೆಯವನದು. ಅದಕ್ಕೊಂದು ಶಾಸ್ತ್ರವಿದೆ. ನಿಮ್ಮ ಪಟ್ಟಿ ಮುಗಿದ ಮೇಲೆ ಗಡಿ ದಾಟಿ ಪಕ್ಕದವನದರಲ್ಲಿ ಒಂದು ಸಾಲು ಕತ್ತರಿಸಿದರೆ ಅದು ಮರ್ಯಾದೆ. ಗಡಿಗೆ ಸರಿಯಾಗಿ ನಿಲ್ಲಿಸಿದರೆ ಜಗಳಕ್ಕೆ ಕರೆದ ಹಾಗೆ. ಪಕ್ಕದವನ ಪಟ್ಟಿಯನ್ನು ಪೂರ್ತಿ ಕತ್ತರಿಸಿದರೋ, ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ, ಇಲ್ಲವೇ ತೀರಿಕೊಂಡಿದ್ದಾರೆ ಎಂದು ಊರಿಗೇ ಸಾರಿದಂತೆ.

ಪಕ್ಕದ ಮನೆಯ ಬ್ರೂನೋ ಝಾನೆಟ್ಟಿ ಬಲು ಮರುಕದ ಮನುಷ್ಯ. ಸತ್ತುಬಿದ್ದ ಮೆಷಿನ್ನಿನ ಸುತ್ತ ಪ್ರದಕ್ಷಿಣೆ ಹಾಕಿ ಡೆಸ್‌ನ ಪಟ್ಟಿಯನ್ನು ಪೂರ್ತಿ ಕತ್ತರಿಸಿಬಿಟ್ಟ.

ಮರುದಿನವೇ ಮೇವಿಸ್ ಬಾಗಿಲಲ್ಲಿ ಹಾಜರ್. ಕೈಯಲ್ಲಿ ಟ್ಯೂನಾ ಮೀನು, ಚೀಸು ಹಾಕಿ ಓವನ್‌ನಲ್ಲಿ ಬೇಯಿಸಿದ ಅಡುಗೆಯ ದೊಡ್ಡ ತಟ್ಟೆ.

"ಹೇಗಿದ್ದಾನೆ ಗ್ಲೆನಿಸ್?" ಎಂದು ಪಿಸುಗುಟ್ಟಿದಳು.

"ಯಾರು?" ಎಂದಳು ಡೆಸ್‌ನ ಹೆಂಡತಿ ಗ್ಲೆನಿಸ್.

"ಪಾಪ, ಎಷ್ಟು ಧೈರ್ಯ ತಂದ್ಕೊಂಡಿದ್ದೀಯ! ಬಿಸಿ ಮಾಡ್ಕೊಂಡು ತಿನ್ನು. ಅವನಿಗೆ ನುಂಗೋಕಾದ್ರೆ ಒಂಚೂರು ಕೊಡು."

ಡೆಸ್ ಒಳಗಿನಿಂದ ಧುಮುಕಿ ಬಂದ. "ನನಗೇನಾಗಿದೆ? ನನಗೇನೂ ಆಗಿಲ್ಲ!"

"ಎದ್ದು ಓಡಾಡ್ತಿದ್ದಾನೆ," ಎಂದು ಮೇವಿಸ್ ಕಣ್ಣೊರೆಸಿಕೊಂಡಳು. "ಅವನಿಗೆ ಇನ್ನೂ ಹೇಳಿಲ್ವಾ? ಬೇಡ ಬಿಡು, ಹೇಳ್ಬೇಡ."

ಸಂಜೆಯೊಳಗೆ ಬೀದಿಯ ಅರ್ಧ ಅಡುಗೆ ಟ್ರೆವಿನ್ ಮನೆಯ ಫ್ರಿಜ್ ಸೇರಿತ್ತು. ಗ್ಲೆನಿಸ್ ಒಲೆಯ ಮೇಲೆ ಒಂದು ಹೂಕುಂಡ ಇಟ್ಟು ಕಾದಂಬರಿ ಹಿಡಿದು ಕೂತಳು.

"ನೀನಾದ್ರೂ ನಿಜ ಹೇಳಬಾರದಾ?" ಡೆಸ್ ಕೂಗಾಡಿದ.

"ಹೇಳೋಣ ಅಂತಾನೇ ಬಾಯಿ ತೆಗೆದೆ. ಅಷ್ಟರಲ್ಲಿ ಇನ್ನೊಂದು ತಟ್ಟೆ ಲಸಾನ್ಯ ಬಂತು."

ಇದನ್ನೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಸೋಮವಾರ ಕ್ಲಾರಿ ಬಂದ. ಹಸಿರು ಮೈದಾನದಲ್ಲಿ ಭಾರದ ಚೆಂಡುಗಳನ್ನು ಉರುಳಿಸುವ ಬೌಲ್ಸ್ ತಂಡಕ್ಕೆ ಕ್ಲಾರಿ ನಾಯಕ. ಬರುವ ಶನಿವಾರ ಫೈನಲ್. ಡೆಸ್ ಕೂದಲು ಕಪ್ಪಗಿದ್ದಾಗಿನಿಂದ ಆ ತಂಡದಲ್ಲಿ ಚೆಂಡು ಉರುಳಿಸಿದವನು, ಒಂದು ಫೈನಲ್ಲನ್ನೂ ಕಂಡವನಲ್ಲ. ಬಿಳಿ ಉಡುಪನ್ನು ಆಗಲೇ ಇಸ್ತ್ರಿ ಮಾಡಿ ಬೀರುವಿಗೆ ನೇತುಹಾಕಿ, ಹೋಗುತ್ತ ಬರುತ್ತ ಮುಟ್ಟಿ ನೋಡುತ್ತಿದ್ದ.

"ನಿನ್ನ ಜಾಗಕ್ಕೆ ಬ್ರೂನೋನ ಹಾಕಿದ್ದೀನಿ," ಎಂದ ಕ್ಲಾರಿ, ಟೋಪಿ ತೆಗೆದು ಎದೆಗೆ ಹಿಡಿದು. "ನೀನೇನೂ ಯೋಚನೆ ಮಾಡ್ಬೇಡ. ಎಲ್ಲರೂ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಆಡ್ತೀವಿ."

"ನಾನಿನ್ನೂ ಸತ್ತಿಲ್ಲ ಕಣಯ್ಯಾ!"

"ಶನಿವಾರಕ್ಕೆ ಇನ್ನೂ ಟೈಮಿದೆ ಡೆಸ್. ಈಗ್ಲೇ ಹೇಗೆ ಹೇಳೋಕಾಗುತ್ತೆ?"

ಡೆಸ್ ಕಾರಿನ ಬೀಗದಕೈ ಎತ್ತಿಕೊಂಡ. ಹುಲ್ಲು ಹರಣ ಮಾಡಿದ ಮಾನವನ್ನು ಹುಲ್ಲಿನಿಂದಲೇ ವಾಪಸ್ ತರುವುದೆಂದು ತೀರ್ಮಾನವಾಯಿತು. ತನ್ನ ಪಟ್ಟಿಯನ್ನು ತಾನೇ ಕತ್ತರಿಸುವವನನ್ನು ಯಾರು ರೋಗಿ ಎಂದಾರು?

ಅಂಗಡಿಯಲ್ಲಿ ಅವನು ಹುಡುಗನನ್ನು ನೋಡಲು ಬಂದ ಸೋದರಮಾವನಂತೆ ಪ್ರತಿ ಮೆಷಿನ್ನಿನ ಸುತ್ತ ತಿರುಗಿದ. ಅಂಗಡಿಯವನು ಬ್ಯಾಟರಿಯದನ್ನು ಮುಂದಿಟ್ಟ. "ಇದು ತಗೊಳ್ಳಿ ಸಾರ್. ಸದ್ದೇ ಇಲ್ಲ."

"ಸದ್ದಿಲ್ಲದಿದ್ರೆ ನಾನು ಬದುಕಿದ್ದೀನಿ ಅಂತ ಯಾರಿಗಯ್ಯಾ ಗೊತ್ತಾಗುತ್ತೆ?"

"ಹಾಗಾದ್ರೆ ಇದು. ಆರಾಮಾಗಿ ಮೇಲೆ ಕೂತ್ಕೊಂಡೇ ಓಡಿಸಬಹುದು."

"ಕೂತ್ರೆ, ಪಾಪ ನಿಲ್ಲೋಕಾಗಲ್ಲ ಅಂತಾರೆ."

"ಇದು ತಾನೇ ಮುಂದಕ್ಕೆ ಹೋಗುತ್ತೆ ಸಾರ್, ತಳ್ಳೋದೇ ಬೇಡ."

"ಮೆಷಿನ್ನೇ ಇವನನ್ನ ಎಳ್ಕೊಂಡು ಹೋಗ್ತಿದೆ ಅಂತಾರೆ."

ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಪೆಟ್ರೋಲ್ ದೈತ್ಯ. ಕೈಯಲ್ಲೇ ತಳ್ಳಬೇಕು, ಎತ್ತಲು ಇಬ್ಬರು ಬೇಕು. ಹಗ್ಗ ಎಳೆದ; ಒಂದೇ ಎಳೆತಕ್ಕೆ ಅಂಗಡಿಯ ಗಾಜೆಲ್ಲ ಗಡಗಡ ಎಂದಿತು.

"ಇದರಂಥ ನಂಬಿಕಸ್ಥ ಮೆಷಿನ್ ಇನ್ನೊಂದಿಲ್ಲ," ಎಂದ ಅಂಗಡಿಯವನು. "ಐದು ವರ್ಷ ಗ್ಯಾರಂಟಿ."

"ಇವನಿಗೆ?" ಎಂದು ಜೊತೆಗೆ ಬಂದಿದ್ದ ಗ್ಲೆನಿಸ್ ಗಂಡನ ಕಡೆ ಬೆರಳು ಮಾಡಿದಳು. "ನಮ್ಮ ಪಟ್ಟಿ ಇರೋದು ಎರಡು ಕಂಬಳಿ ಹಾಸುವಷ್ಟು. ಈ ಆನೆ ಯಾಕೆ?"

ಉತ್ತರವೆಂಬಂತೆ ಡೆಸ್ ಅಂಚು ಕತ್ತರಿಸುವ ಮೆಷಿನ್, ಉದ್ದ ಹಿಡಿಯ ಬೇಲಿ ಕತ್ತರಿ, ಕಬ್ಬಿಣದ ಹಲ್ಲಿನ ಕುಂಟೆ, ಎಲೆ ಊದುವ ಮೆಷಿನ್ ಎಲ್ಲವನ್ನೂ ಗಾಡಿಗೆ ಹೇರಿದ.

"ನಮ್ಮನೇಲಿ ಮರವೇ ಇಲ್ವಲ್ಲೋ, ಇದರಲ್ಲಿ ಏನು ಊದ್ತೀಯ?"

"ಮೇವಿಸ್ ಮನೇಲಿ ಎಲೆ ಇದೆ. ಅಲ್ಲಿಂದ ಊದ್ಕೊಂಡು ಬರ್ತೀನಿ."

ಗುರುವಾರ ಮಧ್ಯಾಹ್ನ ಶುಭಾರಂಭ. ಮೆಷಿನ್ ಒಂದೇ ಎಳೆತಕ್ಕೆ ಗರ್ಜಿಸಿತು. ಆದರೆ ಅವನ ಪಟ್ಟಿಯನ್ನು ಬ್ರೂನೋ ಆಗಲೇ ಕತ್ತರಿಸಿದ್ದನಲ್ಲ. ಎರಡು ಸುತ್ತಿಗೇ ಮುಗಿದುಹೋಯಿತು. ಯಾವ ಕಿಟಕಿಯ ಪರದೆಯೂ ಅಲ್ಲಾಡಲಿಲ್ಲ, ಎಲ್ಲರೂ ಪೇಟೆಗೋ ಕೆಲಸಕ್ಕೋ ಹೋಗಿದ್ದರು. ಇಷ್ಟು ಪೌರುಷವನ್ನು ಯಾರೂ ನೋಡಲಿಲ್ಲವೆಂದರೆ ಹೇಗೆ? ಡೆಸ್ ಗಡಿ ದಾಟಿ ಬ್ರೂನೋನ ಪಟ್ಟಿ ಕತ್ತರಿಸಿದ. ಆಮೇಲೆ ಅದರಾಚೆಯವರದು. ತಿರುಗಿ ಮೇವಿಸಳದು. ಆವೇಶ ಬಂದವನ ಹಾಗೆ ಬೀದಿಯ ಎರಡೂ ಬದಿ ಬೋಳಿಸಿ, ಸ್ನಾನ ಮಾಡಿ, ಟೀ ಹಿಡಿದು ಜಗಲಿಯಲ್ಲಿ ಕೂತ.

ಸಂಜೆ ಮನೆಗೆ ಬಂದವರೆಲ್ಲ ಪಕ್ಕದ ಮನೆಯ ಪಟ್ಟಿ ನೋಡಿ ಎದೆ ಒಡೆದುಕೊಂಡರು. ಪ್ರತಿಯೊಬ್ಬರೂ ಬಿಸಿ ತಟ್ಟೆ ಹಿಡಿದು ಪಕ್ಕದ ಮನೆಗೆ ಹೊರಟರು. ಎಲ್ಲರೂ ಹೊರಟಿದ್ದರಿಂದ ಯಾರೂ ಮನೆಯಲ್ಲಿರಲಿಲ್ಲ. ತಟ್ಟೆಗಳೆಲ್ಲ ನಡುರಸ್ತೆಯಲ್ಲಿ ಎದುರುಬದುರಾದವು.

"ಬ್ರೂನೋ, ನೀನು ಹೀಗೆ ಎದ್ದು ಬರಬಾರದಿತ್ತು!" ಎಂದು ಮೇವಿಸ್ ಚೀರಿದಳು.

"ನಾನು ಬಂದಿದ್ದು ನಿನ್ನ ನೋಡೋಕೆ ಮಾರಾಯ್ತಿ! ಹೋಗು, ಮಲ್ಕೋ!"

"ಯಾರಿಗೂ ಏನೂ ಆಗಿಲ್ಲ!" ಎಂದು ಡೆಸ್ ಜಗಲಿಯಿಂದ ಕೈಯೆತ್ತಿದ. "ಕತ್ತರಿಸಿದ್ದು ನಾನು! ಎಲ್ಲಾ ನಾನೇ!"

ಬೀದಿಗೆ ಬೀದಿಯೇ ಅವನ ಕಡೆ ತಿರುಗಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ನಡುರಸ್ತೆಯಲ್ಲೇ ತಟ್ಟೆಗಳು ಬಿಚ್ಚಿಕೊಂಡವು. ಗ್ಲೆನಿಸ್ ಕೂಡ ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ತಂದು ಹಂಚಿದಳು. ಕ್ಲಾರಿ ಓಡಿ ಬಂದ. "ಗೂಳಿ ಕಣಯ್ಯಾ ನೀನು! ಶನಿವಾರ ನೀನೇ ಆಡೋದು!" ಎಂದವನೇ ಸಂತೋಷ ತಡೆಯಲಾರದೆ ಡೆಸ್‌ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಒಳಗೆಲ್ಲೋ 'ಟಪ್' ಎಂದಿತು. ಡೆಸ್ ನಗುತ್ತಲೇ ಇದ್ದ. ಜೀವನದಲ್ಲಿ ಅಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಲು ಹೋದರೆ ತಲೆ ಮಾತ್ರ ಎದ್ದಿತು. ಸೊಂಟ ಹಾಸಿಗೆಯಲ್ಲೇ ಉಳಿಯಿತು.

ಗ್ಲೆನಿಸ್ ಬೇಲಿಯ ಬಳಿ ನಿಂತು ಸುದ್ದಿ ಹೇಳಿದಳು. ಬೀದಿ ಬಿದ್ದು ಬಿದ್ದು ನಕ್ಕಿತು. "ಬೀದಿ ಪೂರ್ತಿ ಕತ್ತರಿಸಿದವನಿಗೆ ಸೊಂಟ ನೋವಂತೆ! ಚೆನ್ನಾಗಿದೆ!" ಎಂದಳು ಮೇವಿಸ್. ಕ್ಲಾರಿಯಂತೂ ಕೋಣೆಯ ಬಾಗಿಲಲ್ಲೇ ನಿಂತು ತಲೆಯಾಡಿಸಿದ. "ಫೈನಲ್ ಅಂದ್ರೆ ಹೆದರಿಕೆ ಇರುತ್ತೆ, ಅರ್ಥ ಆಗುತ್ತೆ. ಅದಕ್ಕೆ ಸೊಂಟದ ಮೇಲೆ ಯಾಕೆ ಹಾಕ್ತೀಯ? ಬ್ರೂನೋನೇ ಆಡ್ಲಿ ಬಿಡು." ಡೆಸ್ ಗೋಡೆಯ ಕಡೆ ತಿರುಗಿ ಅತ್ತುಬಿಡೋಣ ಎಂದುಕೊಂಡ; ತಿರುಗಲು ಆಗಲಿಲ್ಲ.

ಒಂದು ತಟ್ಟೆಯೂ ಬರಲಿಲ್ಲ. ಗ್ಲೆನಿಸ್‌ಗೂ ಅಡುಗೆಯ ಅಭ್ಯಾಸ ತಪ್ಪಿಹೋಗಿತ್ತು. ಆ ದಿನವಿಡೀ ಗಂಡಹೆಂಡಿರು ಒಣ ಬ್ರೆಡ್ಡು ಜಗಿದರು. ಶನಿವಾರ ಬೆಳಿಗ್ಗೆ ಅವಳು ಏನೋ ಹೊಳೆದವಳಂತೆ ಎದ್ದು ಬ್ರೂನೋ ಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಡೆಸ್‌ನ ಮೆಷಿನ್ ಒಂದೇ ಎಳೆತಕ್ಕೆ ಗರ್ಜಿಸಿತು. ಫೈನಲ್ಲಿಗೆಂದು ಬಿಳಿ ಉಡುಪು ತೊಟ್ಟ ಬ್ರೂನೋ, ಒಂದು ಎಸಳೂ ಇಲ್ಲದ ಬೋಳು ಪಟ್ಟಿಯ ಮೇಲೆ ಅದನ್ನು ಗಂಭೀರವಾಗಿ ಆಚೆಯಿಂದ ಈಚೆಗೆ ತಳ್ಳುತ್ತಿದ್ದ.

ಅವನು ಮೂರನೇ ಸಾಲು ಮುಗಿಸುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಟ್ಯೂನಾ ಮೀನಿನ ವಾಸನೆ ಕೋಣೆಯವರೆಗೂ ಬಂತು.

"ಹೇಗಿದ್ದಾನೆ ಗ್ಲೆನಿಸ್?" ಮೇವಿಸಳ ಪಿಸುಮಾತು.

"ಏನು ಹೇಳ್ಲಿ ಮೇವಿಸ್," ಎಂದು ಗ್ಲೆನಿಸ್ ನಿಟ್ಟುಸಿರು ಬಿಟ್ಟಳು. "ಇನ್ನೊಂದು ತಟ್ಟೆ ಇದ್ರೂ ನಡೆಯುತ್ತೆ."

ಬ್ರೂನೋ ಕಿಟಕಿಯಲ್ಲಿ ತಲೆ ಹಾಕಿದ. ಕಣ್ಣಲ್ಲಿ ನೀರು. "ಎಂಥ ಮೆಷಿನ್ ಆರಿಸಿದ್ದೀಯ ಡೆಸ್! ಬೆಣ್ಣೆ ಹಾಗೆ ಓಡುತ್ತೆ. ನೀನು ಹೋದ್ಮೇಲೆ ಇದನ್ನ ನನಗೇ ಕೊಡೋಕೆ ಹೇಳಿರು, ಆಯ್ತಾ?"

ಡೆಸ್ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಗ್ಲೆನಿಸ್, ಬಾಯಿ ತುಂಬ ಏನನ್ನೋ ಜಗಿಯುತ್ತ, "ಆಗ್ಲಿ ಬ್ರೂನೋ, ಕುಂಟೆನೂ ತಗೊಂಡು ಹೋಗು," ಎಂದಳು.